ಡಿಕ್ಕಿಯೊಳಗಿನ ಪೆಟ್ಟಿಗೆ

ಮಾರ್ಚ್ 3, ಬೆಳಿಗ್ಗೆ

ಕಾರಿನ ಡಿಕ್ಕಿಯನ್ನು ಮೂರನೇ ಸಲ ಅಳೆದೆ. ನಿನ್ನೆಗಿಂತ ಎರಡು ಸೆಂಟಿಮೀಟರ್ ಕಮ್ಮಿ. ಡಿಕ್ಕಿ ಕುಗ್ಗಿತೋ, ನನ್ನ ಕಣ್ಣು ಕುಗ್ಗಿತೋ… ತೂಕ-ಅಳತೆ ಇಲಾಖೆಯಲ್ಲಿದ್ದು ಆಯುಷ್ಯವೆಲ್ಲ ಇನ್ನೊಬ್ಬರ ತಕ್ಕಡಿಯ ತಪ್ಪು ಹಿಡಿದವನ ಪಾಡು ಇದು.

ಅಳಿಯ ಕೊಟ್ಟ ಸಬ್‌ವೂಫರ್ ಹನ್ನೆರಡು ಇಂಚಿನದು, ಬರೀ ತಗ್ಗಿನ ಸದ್ದು ಹೊರಡಿಸುವ ಸ್ಪೀಕರ್. ಕಾಲೇಜಿನ ದಿನಗಳ ಅವನ ಹುಚ್ಚು, ಅಟ್ಟದ ಮೇಲೆ ಬಿದ್ದಿತ್ತು. ಆಂಪ್ಲಿಫೈಯರೂ ಜೊತೆಗೆ. ಸುಮ್ಮನೆ ನೆಲದ ಮೇಲಿಟ್ಟು ಹಚ್ಚಿದರೆ ಗಂಟಲು ಕಟ್ಟಿದ ಕಪ್ಪೆ. ಕಾರಣ ಇದೆ — ಸ್ಪೀಕರಿನ ಕಾಗದದ ಕೋನ್ ಎದುರಿಗೆ ನೂಕಿದ ಗಾಳಿಯನ್ನು ಅದರ ಬೆನ್ನೇ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಇಬ್ಬರೂ ಒಟ್ಟಿಗೆ ಬಾಯಿ ತೆರೆದರೆ ಒಬ್ಬರ ಮಾತೂ ಕೇಳುವುದಿಲ್ಲವಲ್ಲ, ಹಾಗೆ. ಆದ್ದರಿಂದ ಬೆನ್ನಿನ ಸದ್ದನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಬೇಕು. ಗಾಳಿ ಸೋರಬಾರದು. ಒಳಗಡೆ ಮೂವತ್ತೈದು ಲೀಟರ್ ಜಾಗ ಬೇಕು. ರೆಸೊನೆನ್ಸ್ ಈಸ್ ಸೆಡ್ ಟು ಟೇಕ್ ಪ್ಲೇಸ್ ವೆನ್ ಎ ಬಾಡಿ… ಮುಂದಿನದು ಮರೆತಿದೆ. ವೆನ್ ಎ ಬಾಡಿ ಏನೋ ಆಗುತ್ತದೆ. ಪರೀಕ್ಷೆಯಲ್ಲೂ ಅಷ್ಟೇ ಬರೆದಿದ್ದೆ ಅನ್ನಿಸುತ್ತದೆ.

ಹೆಂಡತಿ ಹೋದ ಮೇಲೆ ಮನೆಯಲ್ಲಿ ಕೂರಲು ಆಗುತ್ತಿಲ್ಲ. ಕುರ್ಚಿ, ಮಂಚ, ಮೆಟ್ಟಿಲು — ಎಲ್ಲಿ ಕೂತರೂ ಯಾರೋ ‘ಏಳಿ, ಏಳಿ’ ಅಂದಂತೆ. ಎದ್ದರೆ ಹೋಗಲು ಜಾಗವಿಲ್ಲ. ಕಾರಿನಲ್ಲಿ ಮಾತ್ರ ಕೂರುತ್ತೇನೆ. ಶೆಡ್ಡಿನಲ್ಲೇ, ಎಂಜಿನ್ ಹಚ್ಚದೆ. ಕಾರು ನಿಂತಿದ್ದರೂ ಹೊರಟಂತೆ ಇರುತ್ತದೆ.

ಮಾರ್ಚ್ 5

ಮಗಳ ಫೋನು. ಅವಳು ಕೆಲಸಕ್ಕಿರುವ ಕಣ್ಣಾಸ್ಪತ್ರೆಯವರು ಈ ತಿಂಗಳಿನಿಂದ ಊರಾಚೆಯ ಶಾಖೆಗೆ ಹಾಕಿದ್ದಾರೆ. ಮೂರು ಬಸ್ಸು. ಅವಳ ಡ್ರೈವಿಂಗ್ ಟೆಸ್ಟ್ ಪಾಸಾಯಿತಂತೆ. ಏಪ್ರಿಲ್ ಒಂದರಿಂದ ಕಾರು ತೆಗೆದುಕೊಳ್ಳಲಾ ಎಂದು ಕೇಳಿದಳು. ಹೇಗಿದ್ದರೂ ನೀನು ಎಲ್ಲೂ ಹೋಗುವುದಿಲ್ಲವಲ್ಲ ಅಂದಳು. ಬೇಸರಕ್ಕಲ್ಲ, ಇದ್ದದ್ದನ್ನೇ ಅಂದಳು.

ಧಾರಾಳವಾಗಿ ತಗೊಂಡು ಹೋಗಮ್ಮ ಅಂದೆ. ಫೋನ್ ಇಟ್ಟೆ. ಚಪ್ಪಲಿ ಮೆಟ್ಟಿ ಸೀದಾ ಹೋಗಿ ಹಲಗೆ ತಂದೆ.

ಯಾಕೆ ತಂದೆ?

ಮಾರ್ಚ್ 9

ಹದಿನೆಂಟು ಮಿಲಿಮೀಟರ್ ಎಂಡಿಎಫ್. ಮರದ ಹಲಗೆಯಲ್ಲ, ಮರದ ಹೊಟ್ಟನ್ನು ಒತ್ತಿ ಮಾಡಿದ್ದು. ಮೂಗಿನ ತುಂಬ ಅದರ ಧೂಳು. ಸೀನಿದರೆ ಕಂದು ಬಣ್ಣ. ನಕ್ಷೆ ಆರು ಸಲ ಬದಲಾಯಿತು. ಹೊರಗಿನ ಅಳತೆಯಿಂದ ಹಲಗೆಯ ದಪ್ಪ ಕಳೆಯಬೇಕು. ಸ್ಪೀಕರಿನ ಹಿಂದಿನ ಮ್ಯಾಗ್ನೆಟ್ ಒಳಗೆ ಕೂರುತ್ತದೆ, ಅದೂ ಎರಡು ಲೀಟರ್ ನುಂಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮತ್ತೆ ಮೊದಲಿಂದ.

ಊಟ ಮಾಡಿದೆನಾ? ತಟ್ಟೆ ಒದ್ದೆಯಿದೆ. ಮಾಡಿರಬೇಕು.

ಮಾರ್ಚ್ 12, ಮಧ್ಯಾಹ್ನ

ಪೆಟ್ಟಿಗೆ ಮುಗಿಯಿತು. ಅಂಟು, ಸ್ಕ್ರೂ, ಒಳಮೂಲೆಗಳಿಗೆ ಸಿಲಿಕೋನ್. ಸ್ಪೀಕರ್ ಕೂರಿಸಿ ಕೋನನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟೆ. ನಿಧಾನವಾಗಿ ಮೇಲೆ ಬಂತು. ಗಾಳಿ ಸೋರುತ್ತಿಲ್ಲ ಎಂದರ್ಥ. ಎಕ್ಸಲೆಂಟ್ ಅಂದುಕೊಂಡೆ, ಜೋರಾಗಿಯೇ.

ಡಿಕ್ಕಿಗೆ ಹೋಗಲಿಲ್ಲ.

ಒಳಗೆ ಜಾಗವಿದೆ. ಬಾಯಿ ಚಿಕ್ಕದು. ನಾಲ್ಕು ಸಲ ಹೊಟ್ಟೆ ಅಳೆದವನು ಬಾಯಿ ಅಳೆಯಲಿಲ್ಲ! ಎದುರುಮನೆಯ ಟೈಲರ್ ಕತ್ತರಿ ಹಿಡಿದುಕೊಂಡೇ ಬಂದು ನಿಂತ. ಪೆಟ್ಟಿಗೆ ನೋಡಿದ, ಡಿಕ್ಕಿ ನೋಡಿದ, ನನ್ನನ್ನು ನೋಡಿದ.

“ಸಾರ್, ತಲೆ ತೂರದ ಅಂಗಿ ನಾನೂ ಒಂದ್ಸಲ ಹೊಲಿದಿದ್ದೆ. ಗಿರಾಕಿ ಇವತ್ತಿಗೂ ಹುಡುಕ್ತಾ ಇದಾನೆ.”

ನಗು ಬಂತು. ಎಷ್ಟೋ ತಿಂಗಳ ಮೇಲೆ ಬಂದದ್ದು, ಸ್ವಲ್ಪ ಹೊತ್ತು ನಿಲ್ಲಿಸಲು ಆಗಲಿಲ್ಲ.

ಮಾರ್ಚ್ 14

ಪೆಟ್ಟಿಗೆಯ ಬೆನ್ನನ್ನು ಓರೆಯಾಗಿ ಕೊಯ್ದು ಮತ್ತೆ ಮುಚ್ಚಿದೆ. ಆದರೂ ಡಿಕ್ಕಿಯ ಬಾಯಿ ಒಪ್ಪಲಿಲ್ಲ. ಹಿಂದಿನ ಸೀಟು ಮಡಚಿ, ಪಕ್ಕದ ಬಾಗಿಲಿನಿಂದ ಒಳಗೆ ನೂಕಿದೆವು — ಟೈಲರ್ ಒಂದು ತುದಿ, ನಾನು ಒಂದು ತುದಿ. ಅಕ್ಕಿ ಮೂಟೆಯಷ್ಟು ಭಾರವಲ್ಲ, ಆದರೂ ಇಬ್ಬರಿಗೂ ಏದುಸಿರು. ಕೊಯ್ದದ್ದರಿಂದ ನಾಲ್ಕು ಲೀಟರ್ ಖೋತಾ. ಅದಕ್ಕೂ ಉಪಾಯವಿದೆ, ಒಳಗೆ ಸಡಿಲವಾಗಿ ಹತ್ತಿ ತುಂಬಬೇಕು. ಒಳಗಿನ ಗಾಳಿಗೆ ಮನೆ ದೊಡ್ಡದಾಯಿತು ಎಂಬ ಭ್ರಮೆ ಬರುತ್ತದಂತೆ. ಗಾಳಿಯನ್ನು ಅಷ್ಟು ಸುಲಭವಾಗಿ ನಂಬಿಸಬಹುದು.

ಸಂಜೆ ಹಚ್ಚಿದೆ. ಕಿವಿಗೆ ಹೆಚ್ಚೇನೂ ಕೇಳುವುದಿಲ್ಲ. ಮೊದಲು ಸೀಟಿಗೆ ತಿಳಿಯುತ್ತದೆ, ಆಮೇಲೆ ಬೆನ್ನಿಗೆ, ಆಮೇಲೆ ಪಕ್ಕೆಗೆ. ಪಕ್ಕದಲ್ಲಿ ಯಾರೋ ಭಾರವಾಗಿ ಬಂದು ಕೂತಂತೆ. ಕೂತವರು ಮಾತಾಡುವುದಿಲ್ಲ, ಏಳುವುದೂ ಇಲ್ಲ.

ನಾನೂ ಏಳಲಿಲ್ಲ. ಕತ್ತಲಾದದ್ದು ಗೊತ್ತಾಗಲಿಲ್ಲ.

ಮಾರ್ಚ್ 16, ಭಾನುವಾರ

ಮಗಳು, ಅಳಿಯ ಬಂದಿದ್ದರು. ಕಾರು ಒಮ್ಮೆ ಓಡಿಸಿ ನೋಡುತ್ತೇನೆ ಎಂದಳು. ಚೀಲ ಇಡಲು ಡಿಕ್ಕಿ ತೆರೆದಳು. ತೆರೆದು ಹಾಗೇ ನಿಂತಳು. ಯಾವಾಗ ಶುರು ಮಾಡಿದ್ದು ಎಂದು ಕೇಳಿದಳು. ನನಗಿಂತ ಮೊದಲು ಅಳಿಯ, ಮಾವನವರು ಈ ತಿಂಗಳ ಮೊದಲಿಂದ ಅಳೆಯುತ್ತಿದ್ದರು, ಹಲಗೆ ತಂದದ್ದು ಐದನೇ ತಾರೀಖು ಎಂದ. ಸಹಾಯ ಮಾಡಲು ಹೇಳಿದ್ದು, ಪಾಪ. ಐದನೇ ತಾರೀಖು ಎಂದರೆ ಅವಳು ಫೋನು ಮಾಡಿದ ದಿನ.

ಡಿಕ್ಕಿ ಮೆತ್ತಗೆ ಮುಚ್ಚಿದಳು.

“ಅಪ್ಪ, ಕಾರು ಕೊಡೋಕೆ ಮನಸ್ಸಿಲ್ಲ ಅಂದ್ರೆ ಬಾಯಿಬಿಟ್ಟು ಹೇಳು. ಹೀಗೆ ಹಲಗೇಲಿ ಹೇಳ್ಬೇಡ.”

ಹಾಗೇನಿಲ್ಲ ಕಣೇ ಅಂದೆ. ನನಗೇ ಕೇಳಿಸಲಿಲ್ಲ. ಆಟೋ ಕರೆದು ಹೋದಳು. ಅಳಿಯ ನನ್ನನ್ನು ನೋಡಿದ, ಅವಳ ಹಿಂದೆ ಓಡಿದ.

ಮಾರ್ಚ್ 24

ಮಗಳ ಫೋನಿಲ್ಲ. ನಾನೂ ಮಾಡಿಲ್ಲ. ಪೆಟ್ಟಿಗೆ ಹಚ್ಚಿದರೆ ಈಗ ನಂಬರ್‌ಪ್ಲೇಟು ಮಾತ್ರ ಕಟಕಟ ಎನ್ನುತ್ತದೆ. ಅದಕ್ಕೆ ರಬ್ಬರ್ ಕೊಟ್ಟೆ. ಆಮೇಲೆ ಕನ್ನಡಿ ಶುರುವಾಯಿತು.

ಅಳಿಯನಿಂದ ತಿಳಿದದ್ದು — ಅವಳು ದಿನಾ ಮನೆ ಸೇರುವಾಗ ಎಂಟೂವರೆ ಆಗುತ್ತದಂತೆ. ಕಾರಿನ ಸುದ್ದಿ ಎತ್ತುವುದಿಲ್ಲವಂತೆ. “ಬೈದ್ರೆ ಪರವಾಗಿಲ್ಲ ಮಾವ, ಬೈತಾನೂ ಇಲ್ಲ” ಅಂದ.

ಮಾರ್ಚ್ 27

ಕಾರು ಬಿಟ್ಟು ಬಸ್ಸಿನಲ್ಲಿ ಹೋದೆ. ಅವಳ ದಾರಿಯಲ್ಲೇ, ಅವಳು ಕೆಲಸ ಬಿಡುವ ಹೊತ್ತಿಗೆ. ಯಾಕೆಂದು ಕೇಳಿಕೊಳ್ಳಲಿಲ್ಲ. ಕಾಲು ಹೇಗೂ ನಿಲ್ಲುವುದಿಲ್ಲ, ಒಂದು ಕೆಲಸಕ್ಕಾದರೂ ಬರಲಿ.

ಎರಡನೇ ಬಸ್ಸು ಬದಲಿಸುವ ಜಾಗ ಒಂದು ಮೇಲ್ಸೇತುವೆಯ ಕೆಳಗೆ. ಬೆಂಚಿಲ್ಲ. ಜನರೆಲ್ಲ ಒಂದೇ ಕಡೆ ಕತ್ತು ತಿರುಗಿಸಿಕೊಂಡು. ಅವರ ನಡುವೆ ಮಗಳು. ಚೀಲ ಎದೆಗವಚಿಕೊಂಡು, ಒಂದು ಚಪ್ಪಲಿಯಿಂದ ಕಾಲು ತೆಗೆದು ಇನ್ನೊಂದು ಪಾದದ ಮೇಲಿಟ್ಟಿದ್ದಾಳೆ. ಹಿಮ್ಮಡಿಗೆ ಪಟ್ಟಿ. ಬಸ್ಸು ಬಂತು. ಕುಂಟುತ್ತ ಓಡಿದಳು. ಹತ್ತಲಾಗಲಿಲ್ಲ. ಅದರ ಹಿಂದೆ ಬಂದದ್ದಕ್ಕೂ ಆಗಲಿಲ್ಲ.

ಕರೆಯಬೇಕೆಂದಿದ್ದೆ. ಕಂಬದ ಹಿಂದೆ ನಿಂತುಬಿಟ್ಟೆ. ಅಪ್ಪ ಅನ್ನಿಸಿಕೊಂಡವನು, ಕಳ್ಳನ ಹಾಗೆ.

ಮಾರ್ಚ್ 30, ಭಾನುವಾರ

ಬೆಳಿಗ್ಗೆಯೇ ಪೆಟ್ಟಿಗೆ ಬಿಚ್ಚಿದೆ. ಇಳಿಸಲು ಟೈಲರನೇ ಬಂದ, ಏನೂ ಕೇಳಲಿಲ್ಲ. ಕಾರು ತೊಳೆದು ಅವಳ ಮನೆಗೆ ಒಯ್ದು ಕೀಲಿ ಕೊಟ್ಟೆ. ಅವಳು ನೇರ ಹೋಗಿ ಡಿಕ್ಕಿ ತೆರೆದಳು.

“ಎಲ್ಲಿ ಅದು?”

“ಬಿಚ್ಚಿದೆ. ಹಾಲ್‌ನಲ್ಲಿದೆ.”

“ನಾನು ಬಿಚ್ಚು ಅಂದ್ನಾ? ಹೇಳು ಅಂದೆ.”

ಹೇಳಲು ಏನಿದೆ… ಬಾನೆಟ್ಟಿನ ಮೇಲೆ ನೀರಿನ ಕಲೆ ಉಳಿದಿತ್ತು, ಒರೆಸುತ್ತ ನಿಂತೆ. ಒರೆಸುತ್ತಲೇ ಮಾತು ಬಂತು. “ಮನೇಲಿ ಕೂರೋಕಾಗ್ತಿಲ್ಲ ಕಣಮ್ಮ. ನಿಮ್ಮಮ್ಮ ಹೋದಾಗಿನಿಂದ. ಇದರಲ್ಲಿ ಮಾತ್ರ ಕೂರ್ತೀನಿ.”

ಅಷ್ಟೇ. ಅವಳು ನನ್ನ ಕೈಯಿಂದ ಬಟ್ಟೆ ಕಿತ್ತುಕೊಂಡಳು. ಬಸ್ಸಿನಲ್ಲಿ ಹೋಗುತ್ತೇನೆ ಎಂದದ್ದಕ್ಕೆ ಗದರಿ, ತಾನೇ ಓಡಿಸಿಕೊಂಡು ಬಂದು ನನ್ನನ್ನು ಮನೆಗೆ ಬಿಟ್ಟಳು. ಗೇರ್ ಬದಲಿಸುವಾಗ ನಾಲಿಗೆ ಕಚ್ಚಿಕೊಳ್ಳುತ್ತಾಳೆ. ಕ್ಲಚ್ ಜೋಪಾನ ಎಂದು ಒಂದು ಸಲ ಮಾತ್ರ ಅಂದೆ.

ಏಪ್ರಿಲ್ 1, ಸಂಜೆ

ಶೆಡ್ಡು ಖಾಲಿ. ನೆಲದ ಮೇಲೆ ಎಣ್ಣೆಯ ಗುರುತು. ಬೆಳಗಿನಿಂದ ಅಡುಗೆಮನೆ, ಹಾಲ್, ಅಂಗಳ, ಮತ್ತೆ ಅಡುಗೆಮನೆ. ಹಾಲ್‌ನಲ್ಲಿ ಪೆಟ್ಟಿಗೆಯನ್ನು ಇನ್ವರ್ಟರ್ ಬ್ಯಾಟರಿಗೆ ತಗುಲಿಸಿ ಹಚ್ಚಿ ನೋಡಿದೆ. ದಮ್ಮಿಲ್ಲ. ಕೋಣೆ ದೊಡ್ಡದಾದಷ್ಟು ಅದರ ಸದ್ದು ಚದುರಿಹೋಗುತ್ತದೆ, ಕಾರಿನಷ್ಟು ಇಕ್ಕಟ್ಟು ಬೇಕು. ಸ್ಮಾಲರ್ ದ ರೂಮ್… ಏನೋ ಇತ್ತು. ಆರಿಸಿದೆ.

ಮಗಳಿಗೆ ಐದೂವರೆಗೆ ಬಿಡುವು. ಆರೂಕಾಲಿಗೆ ಮನೆ ಸೇರಿರಬೇಕು, ಸೇತುವೆಯ ಕೆಳಗೆ ನಿಲ್ಲದೆ. ಒಳ್ಳೆಯದಾಯಿತು. ಇದನ್ನು ಬರೆದರೆ ನಿಜವಾಗಿಯೂ ಒಳ್ಳೆಯದು ಅನ್ನಿಸಬಹುದು ಎಂದು ಬರೆಯುತ್ತಿದ್ದೇನೆ. ನಿಂತುಕೊಂಡೇ.

ಗೇಟಿನ ಹತ್ತಿರ ಹಾರ್ನ್. ನಮ್ಮ ಕಾರಿನದೇ ಹಾರ್ನ್. ಆಸ್ಪತ್ರೆಯಿಂದ ಅವಳ ಮನೆಗೆ ಈ ಕಡೆ ದಾರಿಯೇ ಇಲ್ಲವಲ್ಲ.

ಕಿಟಕಿಯಿಂದ ಕಾಣುತ್ತದೆ. ಇಳಿದಳು. ಒಳಗೆ ಬರುತ್ತಿಲ್ಲ. ಹಿಂದಿನ ಬಾಗಿಲು ತೆರೆದು, ಸೀಟು ಮಡಚುತ್ತಿದ್ದಾಳೆ — ಮಡಚಿ ಆಯಿತು. ಈಗ ಬಂದು ಪೆಟ್ಟಿಗೆಯನ್ನು ಒಬ್ಬಳೇ ಎತ್ತಲು ಹೊರಡುತ್ತಾಳೆ, ಅದು ಒಬ್ಬರಿಂದ ಆಗುವ ಕೆಲಸವಲ್ಲ, ಆ ತುದಿಗೆ ನಾನು