ಸಿಂಹದ ತಲೆಯೊಳಗೆ ಹಸಿರು

ಜನವರಿ 5, ಬೆಳಿಗ್ಗೆ

ಸೋಲ್ಡರಿಂಗ್ ಐರನ್ ಕಾಯೋಕೆ ಇಟ್ಟು ಬರೀತಿದೀನಿ. ನಿನ್ನೆಯೆಲ್ಲ ಬೆಲೆ ಕೇಳಿದ್ದೇ ಕೆಲಸ. ತಿಂಗಳ ಕೊನೇಲಿ ಹೊಸವರ್ಷದ ಹಬ್ಬ; ಔ ಮೇಷ್ಟ್ರ ಸಿಂಹ ಕುಣಿತದ ತಂಡಕ್ಕೆ ಎಂಟು ಸಿಂಹದ ತಲೆ, ತಲೆಗೊಂದು ಸರ್ಕ್ಯೂಟ್ ಬೋರ್ಡು, ಕಣ್ಣು ಮಿಟುಕಿಸೋಕೆ. ಹಾಳಾದ್ರೆ ಇರಲಿ ಅಂತ ಇನ್ನೆರಡು. ಹತ್ತು ಅಂದ ಕೂಡ್ಲೆ ಫೋನಿನಲ್ಲಿ ದನಿಯೇ ಬದಲಾಗುತ್ತೆ.

ಇಲ್ಲೇ ಶೆನ್‌ಝೆನ್‌ನ ಶಾಜಿಂಗಿನಲ್ಲಿರೋ ದೆಂಗ್ ನಮ್ಮೂರ ಕಡೆಯವನೇ. ಸಣ್ಣ ಫ್ಯಾಕ್ಟರಿ ಇಟ್ಟಿದಾನೆ. "ಲೋ ಲಾಯ್, ಹತ್ತು ಬೋರ್ಡಿಗೆ ಮಿಷನ್ ಹೂಡಿದ್ರೆ ನನ್ನ ಹುಡುಗ್ರು ನಗ್ತಾರೆ ಕಣೋ. ಸಾವಿರ ಮಾಡಿಸು, ಟೀ ಕುಡಿಸಿ ಕಳಿಸ್ತೀನಿ." ಸಾವಿರ ಸಿಂಹ ಎಲ್ಲಿಂದ ತರಲಿ ನಾನು.

ದೂರದ ಜಿಯಾಂಗ್‌ಶಿಯಲ್ಲಿ ಒಂದು ಫ್ಯಾಕ್ಟರಿ ಇದೆ, ಆರ್ಡರ್ ಎಲ್ಲಾ ಫೋನಿನಲ್ಲೇ. ಜಾಹೀರಾತಲ್ಲಿ ಎರಡು ಬಟ್ಟಲು ನೂಡಲ್ಸಿನ ಬೆಲೆಗೆ ಹತ್ತು ಬೋರ್ಡು. ಒಳಗೆ ಹೋದ್ರೆ ಒತ್ತಿದಲ್ಲೆಲ್ಲ ರೇಟು ಏರುತ್ತೆ. ಟೆಸ್ಟ್ ಮಾಡಿ ಕಳಿಸ್ಬೇಕಾ? ಅದಕ್ಕೆ ಬೇರೆ. ಮೊಟ್ಟೆ ಕೊಂಡ್ರೆ ಒಡೆಯದೇ ಇರೋದಕ್ಕೆ ಬೇರೆ ದುಡ್ಡು ಕೇಳಿದ ಹಾಗೆ... ಹೊಟ್ಟೆ ಉರೀತಿದೆ. ಊಟ ಸೇರ್ಲಿಲ್ಲ.

ಜನವರಿ 6

ಔ ಮೇಷ್ಟ್ರು ಫೋಶಾನಿನಿಂದ ಬಸ್ಸಲ್ಲಿ ಬಂದ್ರು, ತೊಡೆ ಮೇಲೆ ಸಿಂಹದ ತಲೆ ಇಟ್ಕೊಂಡು. ಬೋರ್ಡು ಕೂರೋ ಜಾಗ ತೋರಿಸಿದ್ರು. ಕುಣಿಯೋನ ನೆತ್ತಿಗೆ ಸರಿಯಾಗಿ ಮೇಲೆ.

"ಬಣ್ಣ?" ಅಂದ್ರು.

"ಬೋರ್ಡು ಅಂದ್ರೆ ಹಸಿರು, ಮೇಷ್ಟ್ರೇ. ಹಸಿರಾದ್ರೇ ಅಗ್ಗ."

ಟೀ ಲೋಟ ಕೆಳಗಿಟ್ರು. "ಗಂಡಸಿನ ತಲೆ ಮೇಲೆ ಹಸಿರು ಇಡ್ತೀಯಾ? ಹೆಂಡತಿ ಇನ್ನೊಬ್ಬನ ಜೊತೆ ಅಂತ ಸಾರಿದ ಹಾಗಲ್ವಾ ಅದು? ಅದೂ ನಮ್ಮ ಕುವಾನ್ ತಲೆ ಮೇಲೆ?"

ಕುವಾನ್ ಮೊದಲನೇ ಸಿಂಹ ಹೊರೋನು. ಅವನ ಹೆಂಡತಿ ಪಾರ್ಸೆಲ್ ಹಂಚೋನ ಜೊತೆ ಹೋಗಿ ಆರು ತಿಂಗಳೂ ಆಗಿಲ್ಲ. ನಂಗೆ ಗೊತ್ತಿತ್ತು. ತಲೆಗೇ ಬರ್ಲಿಲ್ಲ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟ ಬುದ್ಧಿ.

"ಕೆಂಪು" ಅಂದ್ರು ಮೇಷ್ಟ್ರು. "ಇಲ್ಲಾಂದ್ರೆ ಬೇಡ. ಮುಂದಿನ ವರ್ಷವೂ ಬೇಡ."

ಜನವರಿ 8

ಜಿಯಾಂಗ್‌ಶಿ ಫ್ಯಾಕ್ಟರಿಯಿಂದ ಮೆಸೇಜಿಗೆ ಉತ್ತರ ಕೊಡೋ ಹುಡುಗಿ ಹೆಸರು ಶಾವ್ ತಾಂಗ್. ಕಂಡವರನ್ನೆಲ್ಲ 'ಮುದ್ದು' ಅಂತಾಳೆ. "ಕೆಂಪು ಆಗುತ್ತೆ ಮುದ್ದು. ಹತ್ತಾರು ಜನರ ಬೋರ್ಡು ಒಂದೇ ದೊಡ್ಡ ಹಾಳೇಲಿ ಸೇರಿಸಿ ಮಾಡ್ತೀವಲ್ಲ, ಅದಕ್ಕೇ ಅಗ್ಗ. ಹಸಿರು ಹಾಳೆ ದಿನಾ ತುಂಬುತ್ತೆ, ಕೆಂಪು ಸ್ವಲ್ಪ ನಿಧಾನ."

ನನ್ನ ಹೆಂಡತಿ ಮೇಯ್‌ಜು ಹಿಂದೆ ನಿಂತು ಓದಿದ್ಲು. "ದೆಂಗ್‌ಗೇ ಕೊಡು. ದುಬಾರಿ ಆದ್ರೂ ಬಾಗಿಲಿಗೆ ಹೋಗಿ ಜಗಳ ಆಡಬಹುದು. ಈ ಮುದ್ದುವಿನ ಮುಖ ನೋಡಿದೀಯಾ ನೀನು?"

ಅವಳ ಮಾತು ಕೇಳೋಕೆ ಜೇಬು ಬಿಡ್ಲಿಲ್ಲ. ಒತ್ತಿಬಿಟ್ಟೆ. ಟೆಸ್ಟಿಗೂ ಒತ್ತಿದೆ. ಕೆಂಪು ಅಂತ ಮೂರು ಸಲ ಬರೆದೆ.

ಜನವರಿ 14

ಕೇಳಿದೆ. "ಆಗ್ತಿದೆ ಮುದ್ದು." ಎಷ್ಟು ಆಗಿದೆ ಅಂದೆ. ನಗೋ ಗೊಂಬೆ ಕಳಿಸಿದ್ಲು.

ಜನವರಿ 20, ಮಧ್ಯಾಹ್ನ

ಪಾರ್ಸೆಲ್ ಬಂತು. ಹಸಿರು. ಹತ್ತಕ್ಕೆ ಹತ್ತೂ.

ಸಿಟ್ಟಲ್ಲಿ ತಪ್ಪು ತಪ್ಪಾಗಿ ಟೈಪ್ ಮಾಡಿದೆ. ಉತ್ತರ — "ಹಬ್ಬದ ಮುಂಚೆ ಕೆಂಪು ಹಾಳೆ ತುಂಬ್ಲಿಲ್ಲ ಮುದ್ದು. ನಿಮಗೆ ತಡ ಆಗಬಾರದು ಅಂತ ಹಸಿರಲ್ಲಿ ಸೇರಿಸಿದ್ವಿ. ಕೆಲಸ ಎರಡೂ ಒಂದೇ ಮಾಡುತ್ತೆ."

ನಿಮಗೆ ತಡ ಆಗಬಾರದು ಅಂತ! ನನ್ನ ಕೇಳಿದ್ರಾ? ಸಾವಿನ ಮನೆಯ ಬಿಳಿ ಬಟ್ಟೆ ಕೊಟ್ಟು, ಮದುವೇಲಿ ಇದನ್ನೇ ಹಾಕ್ಕೋ, ಮೈ ಮುಚ್ಚುತ್ತೆ ಅಂದ ಹಾಗೆ. ಬಯ್ಯೋಕೆ ಶುರು ಮಾಡಿದ್ರೆ ತಾನಾಗೇ ಬರೋ ಉತ್ತರ — ಫ್ಯಾಕ್ಟರಿ ರಜೆ, ಹಬ್ಬದ ಶುಭಾಶಯ. ಜೊತೆಗೆ ಕುಣಿಯೋ ಹಂದಿಯ ಗೊಂಬೆ.

ದೆಂಗ್‌ಗೆ ಫೋನ್ ಮಾಡಿದೆ. ರೈಲಲ್ಲಿದಾನೆ, ಊರಿಗೆ. "ಹಬ್ಬ ಮುಗೀಲಿ ಬಾರೋ, ಟೀ ಕುಡಿಸ್ತೀನಿ." ಹಿಂದೆ ಯಾರೋ ಕಡಲೆಕಾಯಿ ಸುಲೀತಿದ್ರು, ಶಬ್ದ ಕೇಳಿಸ್ತು. ಶೆನ್‌ಝೆನ್ ಪೂರ್ತಿ ಬಾಗಿಲು ಹಾಕ್ಕೊಂಡು ಹೊರಟುಹೋಗಿದೆ.

ಸಂಜೆ

ಬೋರ್ಡು ಒಂದೊಂದೇ ಹಚ್ಚಿ ನೋಡಿದೆ. ಎಲ್ಲಾ ಸರಿ ಇದೆ. ಅದೇ ಇನ್ನೂ ಉರಿಸೋದು. ಒಂದಾದ್ರೂ ಕೆಟ್ಟಿದ್ರೆ ಬಯ್ಯೋಕೆ ನೆಪ ಸಿಗ್ತಿತ್ತು.

ಜನವರಿ 21

ಮೇಯ್‌ಜು ತನ್ನ ಉಗುರು ಬಣ್ಣದ ಸೀಸೆ ತಂದಿಟ್ಲು. ಕಡು ಕೆಂಪು. "ಒಣಗಿದ್ರೆ ಕರೆಂಟ್ ಹರಿಯಲ್ಲ ತಾನೇ?" ಹರಿಯಲ್ಲ. "ಮತ್ತೆ ಏನು ನೋಡ್ತಿದೀಯಾ, ಮುದ್ದು?"

ಅವಳ ನಾಲಿಗೆ...

ಬಾಗಿಲು ಮುಂದೆ ಕೂತು ಬಳಿದ್ವಿ. ಸೀಸೆ ಮುಗೀತು, ಕೆಳಗಿನ ಅಂಗಡೀಲಿ ಇನ್ನೂ ತಂದೆ. "ಮಗಳ ಮದುವೇನಾ?" ಅಂದಳು ಅಂಗಡಿಯವಳು. ನಂಗೆ ಮಗಳಿಲ್ಲ. ಹೂಂ ಅಂದೆ. ಮೂರು ಪದರ. ತಲೆ ಸಿಡೀತಿದೆ ವಾಸನೆಗೆ. ಮಾಡದ ತಪ್ಪನ್ನ ಮುಚ್ಚೋ ಗತಿ ನಂದು. ಮಾಡಿದವಳು ಅಮ್ಮನ ಮನೇಲಿ ಕಡುಬು ತಿಂತಿರ್ತಾಳೆ.

ಫೆಬ್ರವರಿ 5, ಫೋಶಾನ್

ಹಬ್ಬದ ಎಂಟನೇ ದಿನ, ಅಂಗಡಿಗಳು ಬಾಗಿಲು ತೆಗೆಯೋ ದಿನ. ಇವತ್ತೇ ಕುಣಿತ. ಡೋಲಿನವರು ಇನ್ನೂ ಬಂದಿಲ್ಲ. ಮೆಟ್ಟಿಲ ಮೇಲೆ ಕೂತು ಬರೀತಿದೀನಿ.

ಬೆಳಿಗ್ಗೆ ಶಾವ್ ತಾಂಗ್ ಮೆಸೇಜು. "ರಜೆ ಮುಗೀತು ಮುದ್ದು! ಐದು ಸ್ಟಾರ್ ಕೊಡ್ತೀರಲ್ವಾ?" ಫೋನು ಚರಂಡಿಗೆ ಎಸೀಬೇಕು ಅನ್ನಿಸ್ತು.

ಬಣ್ಣ ಬಳಿದ ಮಾರನೇ ದಿನವೇ ಇಲ್ಲಿಗೆ ಬಂದು ಬೋರ್ಡು ಕೂರಿಸಿ ಹೋಗಿದ್ದೆ; ತಲೆಗಳು ಅವತ್ತಿಂದ ಪ್ಲಾಸ್ಟಿಕ್ ಚೀಲದಲ್ಲೇ ಇದ್ವು. ಈಗ ಬಿಚ್ಚಿದ್ರು. ಎಂಟೂ ಕಣ್ಣು ಬಿಟ್ಟು ಮಿಟುಕಿದ್ವು. ಮೇಷ್ಟ್ರು ಒಳಗೆ ಬಗ್ಗಿ ನೋಡಿ, "ಕೆಂಪು. ಸೈ" ಅಂದ್ರು. ಜೀವ ಬಂತು.

ಆಮೇಲೆ ಕುವಾನ್ ತನ್ನದನ್ನ ಹೊತ್ತು ಒಂದು ಸುತ್ತು ಹಾಕಿದ. ಇಳಿಸಿ ನನ್ನ ಪಕ್ಕ ಕೂತ. ಅವನ ಹುಬ್ಬಿನ ಮೇಲೆ ಉದುರಿದ ಬಣ್ಣದ ಕೆಂಪು ಚಕ್ಕೆ. ಸಿಂಹದ ತಲೆ ಮಗುಚಿ ಬೋರ್ಡು ನೋಡಿದ. ಉಗುರಲ್ಲಿ ಕೆರೆದ. ಕೆಳಗೆ ಹಸಿರು.

ಹೇಳಿಬಿಟ್ಟೆ. ಹಾಳೆ, ರಜೆ, ಹಂದಿ, ದೆಂಗ್, ಮುದ್ದು — ಎಲ್ಲಾ. ಯಾರನ್ನೂ ಬಿಡ್ಲಿಲ್ಲ. ದನಿ ಏರಿತ್ತು ಅಂತ ಕಾಣುತ್ತೆ, ದಾರೀಲಿ ಹೋಗೋರು ತಿರುಗಿ ನೋಡಿದ್ರು.

ಕುವಾನ್ ಉಗುರಿನ ಸಂದಿಯ ಬಣ್ಣ ಒರೆಸಿಕೊಂಡ. "ಅಷ್ಟುದ್ದ ಕಥೆ ಯಾಕಣ್ಣ? ನನ್ನ ತಲೆ ಮೇಲೇನಿದೆ ಅಂತ ಊರಿಗೆಲ್ಲ ಗೊತ್ತು. ಕುಣಿಯೋವಾಗ ಕಣ್ಣು ಆರಿಹೋಗಲ್ಲ ತಾನೇ?"

"ಇಲ್ಲ."

"ಹಾಗಾದ್ರೆ ಈ ಬಣ್ಣ ಕೆರೆದು ಕೊಡು. ಹಸಿರಿದ್ರೆ ಇರ್ಲಿ." ಮೂಗು ಉಜ್ಜಿಕೊಂಡ. "ಬಿಟ್ಟು ಹೋದವಳೂ ಭಾನುವಾರ ಭಾನುವಾರ ಈ ಉಗುರು ಬಣ್ಣಾನೇ ಹಚ್ಚಿಕೊಳ್ತಿದ್ಲು. ಒಳಗೆ ತಲೆ ತೂರಿಸಿದ್ರೆ ಅದೇ ವಾಸನೆ... ಉಸಿರಾಡೋಕೆ ಆಗ್ತಿಲ್ಲ."

ಇದು ನಂಗೂ ಹೊಳೆದಿರ್ಲಿಲ್ಲ, ಮೇಯ್‌ಜುಗೂ.

ಡೋಲು ಬಂತು. ಮೇಷ್ಟ್ರು ಅತ್ತ ಹೋಗಿದಾರೆ. ಬ್ಲೇಡು ಸಿಕ್ತು. ಅವನು ತಲೆಯನ್ನ ತೊಡೆ ಮೇಲೆ ಮಗುಚಿ ಹಿಡ್ಕೊಂಡಿದಾನೆ, ಸಿಂಹದ ಕಣ್ಣು ಇನ್ನೂ ಮಿಟುಕ್ತಿದೆ. ಪೆನ್ನು ಇಟ್ಟು ಕೆರೆಯೋಕೆ ಕೂರ್ತೀನಿ.