ಇಪ್ಪತ್ತೆರಡು ಸ್ಟಾಪು, ಒಂದು ಕಾರ್ಡು

ಮಾರ್ಚ್ 3, ಮಂಗಳವಾರ. ಸಂಜೆ 6

ಮೂರನೇ ಮಹಡಿಯ ಮನೆಗೆ ವೈರಿಂಗ್ ಕೆಲಸಕ್ಕೆ ಇವತ್ತೂ ಹೋಗಿದ್ದೆ. ಸ್ವಿಚ್‌ಬೋರ್ಡ್ ನಾಲ್ಕು ಇಂಚು ಕೆಳಗೆ ಬರಬೇಕಂತೆ. ಕಳೆದ ವಾರ ಮೇಲೆ ಹಾಕಿಸಿದ್ದೂ ಅವರೇ. ಗೋಡೆ ನೋಡಿ ಅಯ್ಯೋ ಅನ್ನಿಸಿತು. ಇಳಿಸಿ ಬಂದೆ.

ಮನೆಗೆ ಬಂದರೆ ಮಾವನ ಬಸ್ಸು ನಿಂತಿದೆ. ಕಂಪ್ಯೂಟರಿನ ಬಸ್ಸು. ಆಟದ ಹೊಸ ವರ್ಷನ್ ಹಾಕಿದಾಗಿನಿಂದ ಇದೇ ಗೋಳು. ಹಳೆಯದರಲ್ಲಿ ಬಸ್ಸೊಳಗಿನ ಜನ ಗೊಂಬೆಗಳ ಹಾಗೆ ಕೂತಿರುತ್ತಿದ್ದರು. ಹೊಸದರಲ್ಲಿ ನಿಲ್ಲುತ್ತಾರೆ, ಕಂಬಿ ಹಿಡಿಯುತ್ತಾರೆ, ಬ್ಯಾಗು ಹೆಗಲಿಂದ ಹೆಗಲಿಗೆ ಬದಲಾಯಿಸುತ್ತಾರೆ. ಅಷ್ಟೂ ಜನರನ್ನು ತೋರಿಸುವ ತ್ರಾಣ ನಮ್ಮ ಡಬ್ಬಕ್ಕಿಲ್ಲ. ಸ್ಟೀರಿಂಗ್ ತಿರುಗಿಸಿದರೆ ರಸ್ತೆ ಸ್ವಲ್ಪ ಯೋಚಿಸಿ ತಿರುಗುತ್ತದೆ. ಬರೀ ಜರ್ಕು.

ಬೇರೆ ಸಮಯವಾಗಿದ್ದರೆ ಹಳೇ ವರ್ಷನ್ನೇ ಸಾಕು ಅನ್ನುತ್ತಿದ್ದೆ. ಆದರೆ 22ಕ್ಕೆ ಕಂಡಕ್ಟರು ಬರುತ್ತಾರೆ. ಹತ್ತೊಂಬತ್ತು ವರ್ಷ ಮಾವನ ಬಸ್ಸಿನಲ್ಲೇ ಇದ್ದವರು. ಮಾವನ ಸರ್ವೀಸಿನ ಕೊನೆಯ ದಿನ ಇಬ್ಬರೂ ಸೇರಿ ಕೊನೆಯ ಟ್ರಿಪ್ ಹೊಡೆಯಬೇಕಿತ್ತು. ಅವತ್ತೇ ಬೆಳಿಗ್ಗೆ ಮಾವ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಟ್ರಿಪ್ಪಿಗೆ ಬೇರೆ ಡ್ರೈವರ್ ಹೋದ. ಆ ಟ್ರಿಪ್ಪನ್ನು ಈಗ ನಮ್ಮ ಹಾಲಿನಲ್ಲಿ ಮುಗಿಸಬೇಕು ಅಂತ ಇಬ್ಬರೂ ಫೋನಿನಲ್ಲಿ ಮಾತಾಡಿಕೊಂಡಿದ್ದಾರೆ. ಆಟದ ಊರು ಯಾವುದೋ. ಅದರ ಇಪ್ಪತ್ತೆರಡು ಸ್ಟಾಪಿಗೂ ಮಾವ ಹಳೇ ರೂಟಿನ ಹೆಸರಿಟ್ಟಿದ್ದಾರೆ. ಕೋರ್ಟು, ಗಡಿಯಾರದ ಕಂಬ, ಹತ್ತಿಮಿಲ್ಲು... ಕೊನೆಗೆ ನೀರಿನ ಟ್ಯಾಂಕು.

ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡನ್ನು ಹೊಸದು ಹಾಕಿಸುವುದೋ ಬೇಡವೋ. ಯೋಚಿಸಬೇಕು.

ಮಾರ್ಚ್ 5, ಗುರುವಾರ. ಬೆಳಿಗ್ಗೆ 7

ಮಾವ ಓಡಿಸುವುದಿಲ್ಲವಂತೆ.

"ಅಳಿಯಂದ್ರೇ, ಒಬ್ರು ಅಜ್ಜಿ ನಿಂತಿದ್ರು. ಬ್ರೇಕ್ ಒತ್ತಿದ್ರೆ ಈಗ ಹಿಡಿಯುತ್ತೋ ಆಮೇಲೆ ಹಿಡಿಯುತ್ತೋ ಗೊತ್ತಾಗಲ್ಲ. ಬಿದ್ದುಬಿಟ್ರೆ?"

"ಅದು ಆಟ ಅಲ್ವಾ ಮಾವ."

"ಆಟ ನಮಗೆ. ಆಯಮ್ಮ ಕಂಬಿ ಹಿಡ್ಕೊಂಡಿರೋದನ್ನ ನೋಡಿದ್ರಾ ನೀವು?"

ನೋಡಿದೆ. ಎರಡೂ ಕೈಯಲ್ಲಿ ಹಿಡಿದಿದ್ದಳು ಪಾಪ.

ಮೂವತ್ತೊಂದು ವರ್ಷ ಬಸ್ಸಿನಲ್ಲಿ ಒಬ್ಬರನ್ನೂ ಬೀಳಿಸದ ಮನುಷ್ಯ. ಆಪರೇಷನ್ ಆದಮೇಲೆ ವಾಕಿಂಗ್ ಬಿಟ್ಟರು. ಸ್ಕೂಟರ್ ಮಾರಿಸಿದರು. ಹಜಾಮನನ್ನೂ ಮನೆಗೇ ಕರೆಸುತ್ತಾರೆ. ಉಳಿದದ್ದು ಈ ಬಸ್ಸೊಂದೇ. ಇದನ್ನೂ ಬಿಟ್ಟರೆ ನೋಡಲು ನನ್ನಿಂದಾಗದು. ಇಷ್ಟನ್ನು ಅವರ ಮುಂದೆ ಹೇಳಲಾರೆ, ಇಲ್ಲಿ ಬರೆಯಬಹುದು.

ಮಾರ್ಚ್ 7, ಶನಿವಾರ. ಮಧ್ಯಾಹ್ನ

ಸಿಪಿಯು ಎತ್ತಿಕೊಂಡು ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿಯವನು ತನ್ನ ಮಾನಿಟರಿಗೆ ಹಾಕಿ ಆಟ ಶುರು ಮಾಡಿದ. ನಂಬಿದರೆ ನಂಬಿ — ಬಸ್ಸು ಬೆಣ್ಣೆಯ ಮೇಲೆ ಹೋದ ಹಾಗೆ ಹೋಯಿತು. ಒಂದು ಜರ್ಕಿಲ್ಲ.

"ಏನೂ ತೊಂದ್ರೆ ಇಲ್ವಲ್ಲ ಸಾರ್."

"ಮನೇಲಿ ಇದೆಯಪ್ಪ."

"ಹಾಗಾದ್ರೆ ಜಾಸ್ತಿ ಹೊತ್ತು ಆಡಿದ್ರೆ ಸುಸ್ತಾಗ್ತಿರಬೇಕು. ಕಾರ್ಡ್ ಎರಡು ವರ್ಷದ್ದು. ಅಪ್‌ಗ್ರೇಡ್ ಮಾಡಿಬಿಡಿ." ಹೇಳುತ್ತಲೇ ಪೆಟ್ಟಿಗೆಯೊಂದರ ಚಿತ್ರ ತೋರಿಸಿದ. ಮೂರು ಫ್ಯಾನಿನ ಕಾರ್ಡು, ಮೊಣಕೈಯುದ್ದ. ನಮ್ಮ ಕ್ಯಾಬಿನೆಟ್ಟಿನೊಳಗೆ ಹೋಗುತ್ತದೋ ಇಲ್ಲವೋ. ಚಿತ್ರ ಮಾತ್ರ ಕಣ್ಣಿಗೆ ಹಬ್ಬ. ಬಾಯಲ್ಲಿ ನೀರೂರಿತು, ಸುಳ್ಳು ಯಾಕೆ ಹೇಳಲಿ.

ಮನೆಗೆ ತಂದು ಎಲ್ಲ ವೈರು ಮೊದಲಿನಂತೆ ಸಿಕ್ಕಿಸಿದೆ. ಮತ್ತೆ ಜರ್ಕು.

ಮಾರ್ಚ್ 8, ಭಾನುವಾರ. ಬೆಳಿಗ್ಗೆ

ಹೊಳೆಯಿತು. ಅಂಗಡಿಯಲ್ಲಿ ಸರಿ, ಮನೆಯಲ್ಲಿ ಸರಿಯಿಲ್ಲ. ಹಾಗಾದರೆ ಅಂಗಡಿಗೂ ಮನೆಗೂ ವ್ಯತ್ಯಾಸ ಏನು? ಕರೆಂಟು!

ಇಪ್ಪತ್ತನಾಲ್ಕು ವರ್ಷ ಊರಿನ ವೈರಿಂಗೆಲ್ಲ ಮಾಡಿದವನ ಮನೆಯಲ್ಲೇ ವೋಲ್ಟೇಜ್ ಸರಿಯಿಲ್ಲ ಅಂದರೆ ನಾಚಿಕೆಗೇಡು. ಮೀಟರ್ ಹಿಡಿದು ಕೂತಿದ್ದೇನೆ. ಹತ್ತು ನಿಮಿಷಕ್ಕೊಮ್ಮೆ ನೋಡಿ ಬರೆಯುವುದು. 231. 230. 232...

ಹೆಂಡತಿ ಕಾಫಿ ತಂದಳು. "ರೀ, ಜ್ವರ ನೋಡ್ತಿದೀರಾ?"

ಮಾರ್ಚ್ 13, ಶುಕ್ರವಾರ. ಸಂಜೆ

ಐದು ದಿನ ಬರೆಯಲಾಗಲಿಲ್ಲ. ಕೈತುಂಬ ಕೆಲಸ. ಎಲ್ಲ ಮನೆಯದೇ.

ಸಾಕೆಟ್ ಬದಲಾಯಿಸಿದೆ. ಸರಿಹೋಗಲಿಲ್ಲ. ಮೀಟರ್ ಬೋರ್ಡಿನಿಂದ ಕಂಪ್ಯೂಟರಿಗೇ ಬೇರೆ ಲೈನ್ ಎಳೆದೆ. ಸರಿಹೋಗಲಿಲ್ಲ. ಕೊನೆಗೆ ಅರ್ಥಿಂಗ್ ಮೇಲೆ ಅನುಮಾನ ಬಂತು. ಹಿತ್ತಲಲ್ಲಿ ಎದೆಯುದ್ದ ಗುಂಡಿ ತೋಡಿ, ಹೊಸ ಪೈಪು ಇಳಿಸಿ, ಇದ್ದಿಲು ಉಪ್ಪು ತುಂಬಿ ಮುಚ್ಚಿದೆ. ಮಾವ ಕುರ್ಚಿ ಹಾಕಿಸಿಕೊಂಡು ಪೂರ್ತಿ ನೋಡಿದರು.

"ಅಳಿಯಂದ್ರೇ, ಬಸ್ಸಿಗೆ ಡಿಪೋ ಕಟ್ತಿದೀರಾ?"

ಮೈಯೆಲ್ಲ ಮಣ್ಣಾಗಿದ್ದರೂ ನಗು ಬಂತು. ಅವರೂ ನಕ್ಕರು, ವಾರದಲ್ಲಿ ಮೊದಲ ಸಲ. ಅದಕ್ಕಾದರೂ ಗುಂಡಿ ತೋಡಿದ್ದು ದಂಡವಾಗಲಿಲ್ಲ.

ಆಟ ಹಾಕಿ ನೋಡಿದೆವು. ಇಡೀ ಬೀದಿಯಲ್ಲಿ ನಮ್ಮಷ್ಟು ಒಳ್ಳೆಯ ಅರ್ಥಿಂಗ್ ಯಾರಿಗೂ ಇಲ್ಲ. ಬಸ್ಸು ಮಾತ್ರ ಹಾಗೇ ಮುಗ್ಗರಿಸುತ್ತಿದೆ.

ಮಾರ್ಚ್ 14, ಶನಿವಾರ

ಕಾರ್ಡ್ ಬುಕ್ ಮಾಡಿದೆ. ಬೇಕೋ ಬೇಡವೋ ಅಂತ ಹತ್ತು ದಿನ ತಲೆ ಕೆಡಿಸಿಕೊಂಡಿದ್ದೆ, ಅಂಗಡಿಯ ಮೆಟ್ಟಿಲು ಹತ್ತಿದ ಮೇಲೆ ಎರಡು ನಿಮಿಷ ಹಿಡಿಯಲಿಲ್ಲ. ಗುರುವಾರ ಬರುತ್ತದಂತೆ. ಅಳತೆ ಟೇಪು ಒಯ್ದಿದ್ದೆ. ಹಾರ್ಡ್‌ಡಿಸ್ಕ್ ಇಡುವ ಗೂಡು ಬಿಚ್ಚಿದರೆ ಒಳಗೆ ಹೋಗುತ್ತದೆ. ಬಿಚ್ಚೋಣ.

ಹೆಂಡತಿ ಬೇಡ ಅನ್ನಲಿಲ್ಲ. "ಅಪ್ಪಂಗೆ ಅಂತ ತರ್ತಿದೀರೋ, ನಿಮಗೆ ಅಂತಲೋ?" ಅಂದಳು ಅಷ್ಟೇ.

"ಇಬ್ಬರಿಗೂ."

"ಹಂಗೆ ನಿಜ ಹೇಳಿ."

ಮಾರ್ಚ್ 19, ಗುರುವಾರ. ಸಂಜೆ 5

ಬರಲಿಲ್ಲ. ಶನಿವಾರ ಅಂದ. ಮತ್ತೆ ಫೋನ್ ಮಾಡಿದರೆ, ಗ್ಯಾರಂಟಿ ಇಲ್ಲ ಸಾರ್, ಸೋಮವಾರವೂ ಆಗಬಹುದು ಅಂದ. ಸೋಮವಾರ ಬಂದರೆ ತಲೆ ಮೇಲೆ ಇಟ್ಟುಕೊಳ್ಳಲೇ?

ಮಾವನಿಗೆ ಗೊತ್ತಾಯಿತು. ಸಿಟ್ಟು ಮಾಡಲಿಲ್ಲ, ಮಾಡಿದ್ದರೆ ವಾಸಿಯಿತ್ತು. ಫೋನ್ ತೆಗೆದುಕೊಂಡು ಕಂಡಕ್ಟರಿಗೆ ಹೇಳಿದರು. "ಈ ಸಲ ಬರಬೇಡಿ ಕಂಡಕ್ಟ್ರೇ. ಗಾಡಿ ಕಂಡೀಷನ್‌ನಲ್ಲಿ ಇಲ್ಲ." ಆ ಕಡೆಯಿಂದ ಏನೋ ಹೇಳಿದರು. ಮಾವ "ಇಲ್ಲ, ಇಲ್ಲ" ಅಂದು ಇಟ್ಟುಬಿಟ್ಟರು. ಆಮೇಲೆ ಸ್ಟೀರಿಂಗಿಗೆ ಬಟ್ಟೆ ಮುಚ್ಚಿದರು.



ಮಾರ್ಚ್ 21, ಶನಿವಾರ. ಬೆಳಿಗ್ಗೆ 9

ಇದನ್ನು ಬರೆಯಲೋ ಬೇಡವೋ. ಯಾರೂ ಓದುವುದಿಲ್ಲ ತಾನೇ. ಬರೆಯುತ್ತೇನೆ.

ಹೆಂಡತಿಗೆ ಇವತ್ತು ಆಸ್ಪತ್ರೆಗೆ ರಜ. ಅವಳದು ಎಕ್ಸ್‌ರೇ ವಿಭಾಗ. ಧೂಳು ಹೊಡೆಯುತ್ತ ಕಂಪ್ಯೂಟರನ್ನು ಹಿಂದುಮುಂದು ತಿರುಗಿಸಿದಳು. ನಾನು ಪೇಪರ್ ಓದುತ್ತಿದ್ದೆ.

"ರೀ, ಇಲ್ಲಿ ಕೆಳಗಡೆ ನಾಲ್ಕು ತೂತಿದೆ. ಮೂರಕ್ಕೆ ಕರೀ ಟೋಪಿ ಹಾಕಿದೆ, ಒಂದಕ್ಕಿಲ್ಲ. ನಾಲ್ಕೂ ಖಾಲಿ. ಇದು ಯಾತಕ್ಕೆ?"

"ಅದೇ ಗ್ರಾಫಿಕ್ಸ್ ಕಾರ್ಡು. ಮಾನಿಟರ್ ವೈರು ಅಲ್ಲಿಗೇ..."

ಪೇಪರ್ ಬಿಟ್ಟು ಎದ್ದು ಬಗ್ಗಿ ನೋಡಿದೆ.

ಮಾನಿಟರ್ ವೈರು ಅಲ್ಲಿರಲಿಲ್ಲ. ಒಂದು ಗೇಣು ಮೇಲೆ, ಕಾರ್ಡಿಗೆ ಸಂಬಂಧವೇ ಇಲ್ಲದ ಮದರ್‌ಬೋರ್ಡಿನ ತೂತಿನಲ್ಲಿತ್ತು. ಎರಡು ವರ್ಷದಿಂದ. ಸಿಕ್ಕಿಸಿದವನು ನಾನು. ಅಂಗಡಿಯವನು ಟೋಪಿ ತೆಗೆದು ಸರಿಯಾದ ಕಡೆ ಹಾಕಿ ನೋಡಿದ್ದ, ಅದಕ್ಕೇ ಅಲ್ಲಿ ಬೆಣ್ಣೆ. ನಾನು ಮನೆಗೆ ತಂದು ಜೋಪಾನವಾಗಿ ಮತ್ತೆ ತಪ್ಪು ಕಡೆ ಹಾಕಿದ್ದೆ. ಆ ಕಾರ್ಡು ಎರಡು ವರ್ಷ ಕ್ಯಾಬಿನೆಟ್ಟಿನೊಳಗೆ ಕೂತು ಸಂಬಳವಿಲ್ಲದೆ ರಜೆ ಅನುಭವಿಸಿದೆ.

ನಿನ್ನೆಯಷ್ಟೇ ಒಬ್ಬ ಹಲ್ಲಿನ ಡಾಕ್ಟರಿಗೆ ಬುದ್ಧಿ ಹೇಳಿ ಬಂದಿದ್ದೆ, ಸಾರ್, ಪ್ಲಗ್ ಎಲ್ಲಿದೆ ಅಂತ ನೋಡದೆ ನನ್ನನ್ನ ಕರೆಸಬೇಡಿ ಅಂತ.

ಹೆಂಡತಿ ಮೊದಲು ನನ್ನ ಮುಖ ನೋಡಿದಳು. ಆಮೇಲೆ ಕಿಟಕಿಯಾಚೆ ಹಿತ್ತಲನ್ನು ನೋಡಿದಳು. ಮತ್ತೆ ನನ್ನನ್ನು. ನೆಲದ ಮೇಲೆ ಕೂತುಬಿಟ್ಟಳು. ನಗು ತಡೆಯಲಾಗದೆ ಧೂಳಿನ ಬಟ್ಟೆಯನ್ನೇ ಬಾಯಿಗೆ ಒತ್ತಿಕೊಂಡಳು. ನನಗೂ ಶುರುವಾಯಿತು. ಇಬ್ಬರೂ ಕಣ್ಣೊರೆಸಿಕೊಳ್ಳುವಷ್ಟು ನಕ್ಕೆವು.

"ಗುಂಡಿ ತೋಡಿದ್ರಲ್ರೀ!"

"ಸುಮ್ನಿರೇ, ಮಾವ ಕೇಳಿಸ್ಕೊತಾರೆ."

ವೈರು ಕಿತ್ತೆ. ಒಂದು ಗೇಣು ಕೆಳಗೆ ಸಿಕ್ಕಿಸಿದೆ. ಎರಡು ಸೆಕೆಂಡಿನ ಕೆಲಸ.

ಅದೇ ದಿನ. 11 ಗಂಟೆ

ಮಾವ ಬಟ್ಟೆ ತೆಗೆದು ಕೂತರು. ಮುಖದಲ್ಲಿ ನಂಬಿಕೆಯಿಲ್ಲ. ಗೇರ್ ಹಾಕಿದರು. ಕೋರ್ಟಿನಿಂದ ಗಡಿಯಾರದ ಕಂಬದವರೆಗೆ ಹೋದರು. ಬ್ರೇಕ್ ಒತ್ತಿದರು. ಅಜ್ಜಿ ನಿಂತಿದ್ದಳು, ಒಂದೇ ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಬ್ಯಾಗು. ಅಲುಗಾಡಲಿಲ್ಲ.

"ಕಾರ್ಡ್ ಬಂತಾ?"

"ಇಲ್ಲ ಮಾವ. ಒಂದ್ಸಣ್ಣ ಅಡ್ಜಸ್ಟ್‌ಮೆಂಟು."

ಮಾವ ನನ್ನನ್ನು ನೋಡಿದರು. "ನಮ್ಮ ಡಿಪೋ ಮೆಕ್ಯಾನಿಕ್ಕೂ ಇದೇ ಮಾತು ಹೇಳೋನು. ಹೇಳ್ದಾಗೆಲ್ಲ ಏನೋ ಮರೆತು ಜ್ಞಾಪಿಸ್ಕೊಂಡಿರ್ತಿದ್ದ."

ಮುಂದೆ ಏನೂ ಕೇಳಲಿಲ್ಲ. ದೊಡ್ಡ ಮನುಷ್ಯರು. ಫೋನ್ ತೆಗೆದುಕೊಂಡರು. "ಕಂಡಕ್ಟ್ರೇ, ಡ್ಯೂಟಿಗೆ ಬನ್ನಿ."

ಕಂಡಕ್ಟರು ಬೇಡ ಅಂದರೂ ಬ್ಯಾಗು ತುಂಬಿಕೊಂಡು ಕೂತಿದ್ದರಂತೆ.

ಹೊಸ ಕಾರ್ಡಿನ ಕಥೆ? ಗೊತ್ತಿಲ್ಲ. ಮೂರು ಫ್ಯಾನು ಕಣ್ಣ ಮುಂದೆ ಬರುತ್ತದೆ. ಆದರೆ ಮನೆಯಲ್ಲಿರುವ ಕಾರ್ಡಿನ ಮುಖವನ್ನೇ ನಾನು ನೋಡಿದ್ದು ಇವತ್ತು.

ಮಾರ್ಚ್ 22, ಭಾನುವಾರ. ಬೆಳಿಗ್ಗೆ 10.40

ಬಸ್ಸಿನಲ್ಲೇ ಕೂತು ಬರೆಯುತ್ತಿದ್ದೇನೆ. ಅಂದರೆ ಸೋಫಾದಲ್ಲಿ.

ಕಂಡಕ್ಟರು ಸಣ್ಣ ಆಳು, ದೊಡ್ಡ ಗಂಟಲು. ಮಾವನ ಪಕ್ಕ ಕುರ್ಚಿ ಹಾಕಿದ್ದೆ. ಅವರು ಅದನ್ನು ತಿರುಗಿಸಿ, ಸ್ಕ್ರೀನಿಗೆ ಬೆನ್ನು ಮಾಡಿ ನಮ್ಮ ಕಡೆ ಕೂತರು.

"ಮಾಮ, ಬಸ್ಸು ಆ ಕಡೆ ಇದೆ" ಅಂದಳು ಹೆಂಡತಿ.

"ರಸ್ತೆ ನೋಡೋಕೆ ಡ್ರೈವರ್ರು ಇದಾರಮ್ಮ. ನಾನ್ಯಾವತ್ತು ಮುಂದೆ ನೋಡಿದೀನಿ? ನನಗೆ ಜನ ಕಾಣ್ಬೇಕು. ಎಲ್ಲಿಗೆ ನೀವು?"

ಹೆಂಡತಿ ತಬ್ಬಿಬ್ಬಾದಳು. "ಲಾಸ್ಟ್ ಸ್ಟಾಪು" ಅಂದಳು.

"ಒಳಗೆ ಸರೀರಿ. ಒಳಗೆ ಜಾಗ ಇದೆ." ನಾವು ಸೋಫಾದಲ್ಲಿ ಸರಿದೆವು. "ರೈಟ್!"

ಮಾವನ ಬೆನ್ನು ನೆಟ್ಟಗಾಯಿತು. ಬಸ್ಸು ಹೊರಟಿತು.

ಹತ್ತಿಮಿಲ್ಲು ದಾಟಿದೆ. ಪ್ರತಿ ಸ್ಟಾಪಿಗೂ ಕಂಡಕ್ಟರು ತಿರುಗಿ ನೋಡದೆ "ಹೋಲ್ಡಾನ್" ಅನ್ನುತ್ತಾರೆ. ಸರಿಯಾಗಿ ಸ್ಟಾಪೇ ಬಂದಿರುತ್ತದೆ. ಹೇಗೆ ಗೊತ್ತಾಗುತ್ತದೆ ಅಂತ ಕೇಳಿದೆ. ಡ್ರೈವರ್ರು ಗೇರ್ ಇಳಿಸೋ ಸದ್ದಲ್ಲಿ ಅಂದರು.

ಈಗ ಅಂಗಡಿಯವನ ಫೋನ್. ಭಾನುವಾರವೂ ಬಿಡುವುದಿಲ್ಲ. "ಸಾರ್, ಕಾರ್ಡ್ ಬಂದಿದೆ. ಎತ್ತಿಡ್ಲಾ?"

ಮಾವ ತಿರುವು ತೆಗೆದುಕೊಳ್ಳುತ್ತಿದ್ದರು. ನಿಂತಿದ್ದ ಜನ ಒಂದಿಷ್ಟು ವಾಲಿ ಮತ್ತೆ ನೇರವಾದರು. ಅಷ್ಟು ಮೆತ್ತಗೆ.

"ಬೇಡಪ್ಪ. ಬೇರೆಯವರಿಗೆ ಕೊಟ್ಬಿಡು."

"ಯಾಕ್ ಸಾರ್? ಜರ್ಕ್ ಹೊಡೀತಿತ್ತಲ್ಲ?"

"ಜರ್ಕ್ ನನ್ನಲ್ಲಿತ್ತು ಕಣಪ್ಪ. ವೈರು ತಪ್ಪು ಕಡೆ ಹಾಕಿದ್ದೆ."

ಜೋರಾಗಿಯೇ ಹೇಳಿಬಿಟ್ಟೆ. ಮಾವನ ಹೆಗಲು ಕುಣಿಯುತ್ತಿದೆ. ನಗುತ್ತಿದ್ದಾರೆ. ಕೈ ಮಾತ್ರ ಸ್ಟೀರಿಂಗ್ ಬಿಟ್ಟಿಲ್ಲ.

ಅದೇ ದಿನ. 12.15

ನೀರಿನ ಟ್ಯಾಂಕು. ಇಪ್ಪತ್ತೆರಡನೆಯದು. ಮಾವ ಬಸ್ಸನ್ನು ಗೆರೆಗೆ ಒತ್ತಿ ನಿಲ್ಲಿಸಿದರು. ಹ್ಯಾಂಡ್ ಬ್ರೇಕು. ಬಾಗಿಲು. ಅಜ್ಜಿ ಇಳಿದಳು, ಎಲ್ಲರೂ ಇಳಿದರು.

ಕಂಡಕ್ಟರು ಎದ್ದು ನಿಂತರು. "ಲಾಸ್ಟ್ ಸ್ಟಾಪ್. ಎಲ್ಲಾ ಇಳೀರಿ." ದೊಡ್ಡ ಗಂಟಲು ಕೊನೆಯ ಮಾತಿಗೆ ಒಡೆಯಿತು. ನಾನೂ ಏಳಲಿಲ್ಲ, ಹೆಂಡತಿಯೂ ಏಳಲಿಲ್ಲ.

ಮಾವ ಮುಂದೆ ನೋಡಿಕೊಂಡೇ ಕೇಳಿದರು. "ಅವತ್ತು ಎಷ್ಟು ಜನ ಇದ್ರು?"

"ಎಣಿಸಲಿಲ್ಲ ಡ್ರೈವರ್ರೇ. ಮನಸ್ಸಿರಲಿಲ್ಲ."

"ಇವತ್ತು?"

"ಫುಲ್ಲು."

ಮಾವ ಕನ್ನಡಕ ತೆಗೆದು ಒರೆಸಿಕೊಂಡರು. ಕನ್ನಡಕಕ್ಕೆ ಏನೂ ಆಗಿರಲಿಲ್ಲ. ಹೆಂಡತಿ ಎದ್ದು ಹೋಗಿ ಅಪ್ಪನ ಹೆಗಲ ಮೇಲೆ ಕೈಯಿಟ್ಟು ನಿಂತಳು. ನನಗೆ ಇಷ್ಟು ಖುಷಿ ಯಾವಾಗ ಆಗಿತ್ತೋ ನೆನಪಿಲ್ಲ.

ಅದೇ ದಿನ. 3 ಗಂಟೆ

ಊಟ ಆಯಿತು. ಕಂಡಕ್ಟರು ಐದು ಗಂಟೆಯ ಗಾಡಿಗೆ ಹೋಗಬೇಕಿತ್ತು. ಹೋಗುವುದಿಲ್ಲವಂತೆ. ಬಸ್ಸು ಅಲ್ಲೇ ನಿಂತಿದೆ, ವಾಪಸ್ ತರೋರು ಯಾರು ಅಂತ ಕೇಳುತ್ತಿದ್ದಾರೆ. ರೂಟಿನ ಬೋರ್ಡು ಬದಲಾಯಿಸುವುದು ಹೇಗೆ ಅಂತ ಇಬ್ಬರೂ ಹುಡುಕಿದರು, ಸಿಕ್ಕಿತು. ಹೆಂಡತಿ ಆಗಲೇ ಕಿಟಕಿ ಪಕ್ಕದ ಸೀಟು ಹಿಡಿದಿದ್ದಾಳೆ. ನಾನು ಅಡುಗೆಮನೆಯಲ್ಲಿ ನಿಂತು ಎರಡು ಸಾಲು ಬರೆದು ಬರೋಣ ಅಂತ ಬಂದೆ.

ಕಂಡಕ್ಟರು ಕೂಗುತ್ತಿದ್ದಾರೆ. "ಬರ್ಕೊಂಡ್ ನಿಂತಿರೋರು ಹತ್ಕೊಳಿ. ಡ್ರೈವರ್ರು ಕಾಯ್ತಿದಾರೆ."

ಕಾಯುತ್ತಿದ್ದಾರೆ! ಮಾವ ತಮ್ಮ ಸರ್ವೀಸಿನಲ್ಲಿ ಒಬ್ಬರಿಗೂ ಬಸ್ಸು ನಿಲ್ಲಿಸಿಕೊಂಡು ಕಾದವರಲ್ಲ. ಟೈಮ್ ಅಂದರೆ ಟೈಮ್. ಒಮ್ಮೆ ಅತ್ತೆಯನ್ನೇ ಸ್ಟಾಪಿನಲ್ಲಿ ಬಿಟ್ಟು ಹೋಗಿದ್ದರಂತೆ, ಮೂರು ಹೆಜ್ಜೆ ತಡವಾಯಿತು ಅಂತ. ಈಗ ಬಾಗಿಲಿಂದ ಬಗ್ಗಿ ನೋಡಿದೆ. ಎಂಜಿನ್ ಓಡುತ್ತಿದೆ, ಬಸ್ಸಿನ ಬಾಗಿಲು ತೆರೆದೇ ಇದೆ, ಮಾವ ಕತ್ತು ತಿರುಗಿಸಿ ಅಡುಗೆಮನೆ ಕಡೆಗೇ ನೋಡುತ್ತಿದ್ದಾರೆ. ಹತ್ತಬೇಕು.