ಬುರುಡೆಯ ತಳದ ಗಸಿ

ಜನವರಿ ೧೪, ಬುಧವಾರ

ನನ್ನ ಗಂಡ ನೆರೆಯೊ ಇವತ್ತೂ ಕೆಮ್ಮಿದ. ಉತ್ತರದ ಚಳಿಗಾಳಿ ಎದ್ದರೆ ಸಾಕು, ಹಾಸಿಗೆ ಹಿಡಿಯುತ್ತಾನೆ. ಹೋದ ವಾರ ಡಾಕ್ಟರಮ್ಮ ಔಷಧಿಗಿಂತ ಮೊದಲು ಊಟದ ವಿಚಾರ ಕೇಳಿದ್ದರು. "ರೋಗ ತಡ್ಯೋ ಶಕ್ತಿ ದಿನಾ ತಿನ್ನೋದ್ರಿಂದ ಬರತ್ತೆ. ಏನು ತಿಂತೀರಾ?"

"ದಿನಾ ಮಧ್ಯಾಹ್ನ ಸೋರೆಬುರುಡೆ ತುಂಬ ಪೊಸೋಲ್ ಕುಡೀತೀನಿ" ಎಂದು ಇವನು ಎದೆಯುಬ್ಬಿಸಿದ್ದ. ನಾನೂ ತಲೆಯಾಡಿಸಿದ್ದೆ. ಪೊಸೋಲಿಗೆಂದು ನೀರಲ್ಲಿ ಕದಡುವ ಹುಳಿ ಬರಿಸಿದ ಮೆಕ್ಕೆಜೋಳದ ಹಿಟ್ಟು, ಕೋಕೋ, ಎಲ್ಲ ನಾನೇ ಅರೆದದ್ದಲ್ಲವೇ?

ಇವತ್ತು ಕಿಟಕಿಯಿಂದ ನೋಡಿದೆ. ಬುರುಡೆಯನ್ನು ಅಲುಗಿಸದೆ ಮೇಲಿನ ತಿಳಿನೀರನ್ನಷ್ಟೇ ಕುಡಿದ. ತಳಕ್ಕಿಳಿದ ಹಿಟ್ಟನ್ನೆಲ್ಲ ಟರ್ಕಿ ಕೋಳಿಗೆ ಸುರಿದ!

"ಅದಕ್ಕೇ ಈ ಮನೇಲಿ ಕೆಮ್ಮದೇ ಇರೋದು ಆ ಕೋಳಿ ಒಂದೇ!"

"ಗಂಟಲಲ್ಲಿ ತರಿತರಿ ಅನ್ನತ್ತೆ ಕಣೇ."

"ತಬಾಸ್ಕೊ ಸೀಮೆಯವನಾಗಿ, ಹಿಟ್ಟು ತಳಕ್ಕಿಳೀದ ಹಾಗೆ ಬುರುಡೆ ತಿರುಗಿಸ್ತಾ ಕುಡಿಯೋದು ಗೊತ್ತಿಲ್ವಾ ನಿಂಗೆ?"

ಇನ್ನೊಂದು ಬುರುಡೆ ಕದಡಿ ತಂದು, ಎದುರಿಗೆ ಕೂತು ಕುಡಿಸಿದೆ. ಮುಖ ಕಿವುಚುತ್ತಲೇ ತಳದವರೆಗೂ ಕುಡಿದ. ಆಮೇಲೆ ಬೆರಳಲ್ಲಿ ಬಳಿದು ನೆಕ್ಕಿದ್ದನ್ನು ನಾನು ನೋಡಲಿಲ್ಲ ಎಂದುಕೊಂಡಿದ್ದಾನೆ.

ಒಂದು ಬುರುಡೆಗೆ ಕೆಮ್ಮು ಓಡುವುದಿಲ್ಲ, ಗೊತ್ತು. ಈಗಲೂ ಒಳಗೆ ಕೆಮ್ಮುತ್ತಿದ್ದಾನೆ. ಆದರೂ ಮನಸ್ಸು ಹಗುರ. ಕೋಳಿ ಮಾತ್ರ ಸಂಜೆಯಿಡೀ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು.